ಮಕರಂದನ ನಿಧಾನ

ಎಣ್ಣೆ ಕಾಯಲಿಟ್ಟು ಸಾಸಿವೆ ಹಾಕಿ ಬಂದು, ತಾರಿಣಿಯ ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ಮತ್ತೆ ಹೆಣೆದು ತುದಿಗೆ ಟೇಪು ಕಟ್ಟಿ ಮುಗಿಸಿದರೂ ಒಲೆಯ ಮೇಲಿನ ಸಾಸಿವೆ ಸಿಡಿದಿರಲಿಲ್ಲ. ಇರಲಿ ಎಂದು, ಪಿಟೀಲಿಗಿಂತ ತುಸು ದೊಡ್ಡದಾದ ನನ್ನ ವಯೊಲಾ ತೆಗೆದುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆಯೇ ಕುಳಿತೆ. ಕಮಾನಿಗೆ ರಾಳ ತಿಕ್ಕಿ, ಸಂಜೆಯ ಒಪೆರಾದ ಮೂರನೆಯ ಅಂಕದಲ್ಲಿ ನಾನು ಒಬ್ಬಳೇ ನುಡಿಸಬೇಕಾದ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನುಡಿಸಿದೆ. ಮುಗಿಯುವ ಹೊತ್ತಿಗೆ ಬಾಣಲೆಯಲ್ಲಿ ಒಂದು ಕಾಳು ಸಿಡಿಯಿತು. ಉಳಿದವು ಇನ್ನೂ ಯೋಚನೆ ಮಾಡುತ್ತಿದ್ದವು.

"ಅಮ್ಮ, ಒಗ್ಗರಣೆ ಆಯ್ತಾ?" ತಾರಿಣಿ ಮಂಚದಿಂದಲೇ ಕೇಳಿದಳು.

"ಒಂದು ಕಾಳಿಂದು ಆಯ್ತು."

ಅವಳು ನಗಲಿಲ್ಲ. ಮೊದಲಾದರೆ ಇಂಥದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಹೊಟ್ಟೆ ಹಿಡಿದುಕೊಳ್ಳುವುದಕ್ಕೆ ಬೇರೆ ಕಾರಣವಿತ್ತು.

ನಮ್ಮ ಊರಿನಲ್ಲಿ ಭಾನುವಾರದ ಕಚೇರಿಯನ್ನು ಆರ್ಕೆಸ್ಟ್ರಾ ಯಾವ ಗತಿಯಲ್ಲಿ ಮುಗಿಸುತ್ತದೋ, ಮುಂದಿನ ಕಚೇರಿಯವರೆಗೆ ಊರು ಅದೇ ಗತಿಯಲ್ಲಿ ನಡೆಯುತ್ತದೆ. ಹಾಲು ಕಾಯುವುದು, ಮೊಸರು ಹೆಪ್ಪಾಗುವುದು, ಗಾಯ ಮಾಯುವುದು, ಉಗುರು ಬೆಳೆಯುವುದು ಎಲ್ಲ ಅದಕ್ಕೆ ಸೇರಿದ್ದು. ಸೂರ್ಯ ಮತ್ತು ರೈಲು ಹೊರಗಿನವರ ವ್ಯವಹಾರವಾದ್ದರಿಂದ ತಮ್ಮ ಪಾಡಿಗೆ ಬಂದು ಹೋಗುತ್ತವೆ. ನಡೆಯುವುದು, ಮಾತನಾಡುವುದು ನಮ್ಮ ನಮ್ಮ ಇಷ್ಟ. ಸುಸ್ತಿಗೂ ಯಾವ ತಾಳದ ಹಂಗಿಲ್ಲ. ಅದು ಬರುವಾಗ ಬಂದೇ ಬರುತ್ತದೆ.

ಭುಜಂಗರಾಯರು ಆರ್ಕೆಸ್ಟ್ರಾದ ಕೋಲು ಹಿಡಿದಿದ್ದಷ್ಟು ಕಾಲ ಈ ವಿಷಯ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅವರದು ಒಂದೇ ಗತಿ. ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಕೆರೆಯವರೆಗೆ ಹೋಗಿಬರುವವರ ನಡಿಗೆ. ಕುಣಿತದ ಸಂಗೀತವನ್ನೂ ಶೋಕದ ಸಂಗೀತವನ್ನೂ ಅವರು ಅದೇ ನಡಿಗೆಯಲ್ಲಿ ನಡೆಸಿದರು. ನಾನು ಹುಟ್ಟಿದ್ದು, ಮದುವೆಯಾದದ್ದು, ತಾರಿಣಿಯನ್ನು ಹೆತ್ತದ್ದು ಎಲ್ಲವೂ ಅದರಲ್ಲೇ. ನನ್ನ ಜಾಗ ಹಿಂದಿನ ಸಾಲಿನಲ್ಲಿ, ಜುಬೇದಾಳ ಪಕ್ಕ. ಮುಂದೆ ಪಿಟೀಲುಗಳು ಹಾರಾಡುವಾಗ ನಾವಿಬ್ಬರೂ ವಯೊಲಾ ಹಿಡಿದು, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ತಲೆ ತಗ್ಗಿಸಿ, ಅದೇ ಎರಡು ಮೂರು ಸ್ವರಗಳನ್ನು ನುಡಿಸುತ್ತಿದ್ದೆವು. ಅಷ್ಟು ವರ್ಷಗಳಲ್ಲಿ ಭುಜಂಗರಾಯರು ನಮ್ಮ ಕಡೆ ನೋಡಿ ಮಾತನಾಡಿದ್ದು ಒಂದೇ ಸಲ. "ಅಲ್ಲಿ ಆ ಕಿಟಕಿ ಹಾಕಿಬಿಡಿ" ಎಂದಿದ್ದರು.

ಅವರ ಭುಜ ಹಿಡಿದುಕೊಂಡು ಕೈ ಮೇಲೇಳದಂತಾದಾಗ ರಾಜಧಾನಿಯ ಸಂಗೀತ ಶಾಲೆಯಿಂದ ಮಕರಂದ ಬಂದ. ಸಣಕಲು ಹುಡುಗ, ಮುಂದಕ್ಕೆ ಬಾಗಿದ ಕಿವಿ, ಸದಾ ಒಂದು ಗುಂಡಿ ತಪ್ಪಿದ ಅಂಗಿ. ಕೋಲನ್ನು ಎರಡು ಬೆರಳಲ್ಲಿ ಹಿಡಿದರೆ ಸೊಳ್ಳೆಯನ್ನು ಜೀವಸಹಿತ ಹಿಡಿದಂತೆ ಕಾಣುತ್ತಿತ್ತು. ಹೊಸ ಹುಡುಗ, ಹೊಸ ಹುರುಪು. ಮೊದಲ ಭಾನುವಾರವೇ ಕೊನೆಯ ಕೃತಿಯನ್ನು ಓಡಿಸಿಕೊಂಡು ಹೋದ. ಜುಬೇದಾಳ ಕಮಾನು ಕೈಯಿಂದ ಜಾರಿ ಮುಂದಿನ ಪಿಟೀಲಿನವನ ಬೆನ್ನಿಗೆ ಬಿತ್ತು.

ಆ ವಾರ ಇಡ್ಲಿ ಹಿಟ್ಟು ರುಬ್ಬುತ್ತಿರುವಾಗಲೇ ಹುಳಿ ಬಂದು ಪಾತ್ರೆಯಿಂದ ಇಳಿದು ಹೊರಟಿತು. ಗಂಡಸರು ಮಧ್ಯಾಹ್ನದ ಊಟಕ್ಕೆ ಕೂರುವ ಮುಂಚೆ ಇನ್ನೊಮ್ಮೆ ಗಡ್ಡ ಹೆರೆದುಕೊಂಡರು. ಮಾವಿನಹಣ್ಣನ್ನು ಮಾರುಕಟ್ಟೆಯಿಂದ ಓಡಿಕೊಂಡೇ ಮನೆಗೆ ತರಬೇಕಾಯಿತು. ತಾರಿಣಿ ಬಸುರಿ ಎಂದು ನಮಗೆ ಗೊತ್ತಾದದ್ದು ಆ ವಾರವೇ. ಸೋಮವಾರ ಗೊತ್ತಾಯಿತು, ವಾರದ ನಡುವೆ ವಾಂತಿಯೆಲ್ಲ ಮುಗಿಯಿತು, ಶನಿವಾರ ಬಯಕೆಗಳೂ ತೀರಿದವು. ನನ್ನ ಯಜಮಾನರು ಶೇಷಗಿರಿ ಖುಷಿಯಾಗಿ ಹೇಳಿದರು, "ಹುಡುಗ ಪರವಾಗಿಲ್ಲ ಕಣೇ. ಹೀಗೇ ಹೋದ್ರೆ ಯುಗಾದಿಗೆ ತೊಟ್ಟಿಲು ಕಟ್ಟಬಹುದು."

ಮುಂದಿನ ಕೆಲವು ಭಾನುವಾರಗಳೂ ಹಾಗೇ ಹೋದವು. ತಾರಿಣಿಯ ಹೊಟ್ಟೆ ನೋಡನೋಡುತ್ತ ತುಂಬಿಕೊಂಡಿತು. ಆಮೇಲೆ ಒಂದು ದಿನ ರೈಲು ತಪ್ಪಿಸಿಕೊಂಡ ಯಾರೋ ಪತ್ರಿಕೆಯ ವಿಮರ್ಶಕರು, ಹೊತ್ತು ಕಳೆಯಲೆಂದು ನಮ್ಮ ಸಭಾಂಗಣಕ್ಕೆ ಬಂದು ಕುಳಿತರು. ಅವತ್ತು ಕಡೆಗೆ ನುಡಿಸಿದ್ದು ಒಂದು ವಿಳಂಬದ ಕೃತಿ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಇಷ್ಟು ಮೌನವನ್ನು ಕೈಯಲ್ಲಿ ಹಿಡಿದ ಇನ್ನೊಬ್ಬ ನಿರ್ದೇಶಕನನ್ನು ತಾನು ನೋಡಿಲ್ಲ ಎಂದು ಅವರು ಬರೆದರು. ಮಕರಂದ ಆ ತುಣುಕನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡ. ಮುಂದಿನ ಭಾನುವಾರ ಇನ್ನಷ್ಟು ನಿಧಾನ ಮಾಡಿದ. ಅದರ ಮುಂದಿನ ಭಾನುವಾರ ಅದಕ್ಕಿಂತ.

ಹೊರಗಿನ ಊರುಗಳಿಂದ ಆಹ್ವಾನ ಬರತೊಡಗಿತು. ವಾರದ ನಡುವೆ ಹೋಗಿ ಅಲ್ಲಿನ ಆರ್ಕೆಸ್ಟ್ರಾಗಳಿಗೆ ಕೋಲು ಹಿಡಿದು, ಶಾಲು ಹೊದ್ದುಕೊಂಡು ಬರುತ್ತಿದ್ದ. ಆ ಊರುಗಳಲ್ಲಿ ಸಂಗೀತಕ್ಕೂ ಹಾಲು ಕಾಯುವುದಕ್ಕೂ ಸಂಬಂಧವಿಲ್ಲವಂತೆ. ಜನ ಕೇಳಿ, ಕಣ್ಣು ಒರೆಸಿಕೊಂಡು, ಮನೆಗೆ ಹೋಗಿ ಬಿಸಿ ಕಾಫಿ ಕುಡಿಯುತ್ತಿದ್ದರಂತೆ. ಉದಯೋನ್ಮುಖ ನಿರ್ದೇಶಕ ಎಂದು ಅವನ ಫೋಟೋ ಬಂತು. ನಮ್ಮ ಪುರಸಭೆಯ ಅಧ್ಯಕ್ಷರು ಹಾಕಿದ ಮಲ್ಲಿಗೆ ಹಾರ ಎಷ್ಟೋ ವಾರ ಬಾಡಲೇ ಇಲ್ಲ. ತೆಗೆದರೆ ಅಧ್ಯಕ್ಷರಿಗೆ ಬೇಸರವಾಗುತ್ತದೆ ಎಂದು ಹುಡುಗ ಅದನ್ನು ಹಾಕಿಕೊಂಡೇ ಓಡಾಡಿದ.

ಊರಿಗೂ ಹೆಮ್ಮೆ. ಹೋಟೆಲಿನವರು ಸಂಜೆಯ ಕಾಫಿಗೆ ಬೆಳಿಗ್ಗೆಯೇ ಹೇಳಿ ಹೋಗಬೇಕೆಂದು ಬೋರ್ಡು ಹಾಕಿದರು. ಕ್ಷೌರದಂಗಡಿ ವಾಚನಾಲಯವಾಯಿತು. ಮಕ್ಕಳ ಅಂಗಿ ಗಿಡ್ಡವಾಗದೆ ತಾಯಂದಿರಿಗೆ ನೆಮ್ಮದಿ, ದರ್ಜಿಗೆ ಸಂಕಟ. ಮುಂಗಾಲು ಮುರಿದುಕೊಂಡಿದ್ದ ಪಕ್ಕದ ಮನೆಯ ನಾಯಿ ಮೂರು ಕಾಲಲ್ಲಿ ಕುಂಟುವುದನ್ನು ಎಷ್ಟು ಚೆನ್ನಾಗಿ ಕಲಿತಿತೆಂದರೆ, ನಾಲ್ಕನೆಯದು ಅದಕ್ಕೆ ಮರೆತೇ ಹೋಯಿತು. ನನ್ನ ಬೈತಲೆಯ ಎರಡೂ ಪಕ್ಕ ಇಳಿಯುತ್ತಿದ್ದ ನರೆಯೂ ಕಿವಿಯ ಹತ್ತಿರ ಬಂದು ನಿಂತಿತು. ಕನ್ನಡಿ ನೋಡಿ ನನಗೂ ಒಳಗೊಳಗೇ ಸಂತೋಷವಾಗಿತ್ತು, ಇಲ್ಲವೆನ್ನಲಾರೆ.

ಆದರೆ ತಾರಿಣಿ ಎಂಟನೆಯ ತಿಂಗಳಿನಲ್ಲಿ ನಿಂತಳು. ಹಬ್ಬಗಳು ಬಂದವು, ಹೋದವು, ಅವೇ ಹಬ್ಬಗಳು ಮತ್ತೆ ಬಂದವು. ಅವಳಿಗೆ ಎಂಟು ತಿಂಗಳೇ. ಅಳಿಯ ಮಲ್ಲಿನಾಥನಿಗೆ ಕೆಲಸ ಹೊರಗಿನ ಊರಿನಲ್ಲಿ. ಮಗುವಿಗೆಂದು ಹಾಕಿದ ರಜೆಯನ್ನು ಎರಡು ಸಲ ಹಾಕಿ ಎರಡು ಸಲವೂ ಮುಗಿಸಿದ. ಪ್ರತಿ ಸಲ ಬಂದಾಗ ತುಸು ದಪ್ಪಗಾಗಿ, ತುಸು ಬೋಳಾಗಿ ಬರುತ್ತಿದ್ದ. "ಅತ್ತೆ, ಆಫೀಸಲ್ಲಿ ಮೇಲಿನವರು ಕೇಳ್ತಾರೆ, ನಿಮ್ಮನೇಲಿ ಆನೆ ಹೆರ್ತಿದ್ಯಾ ಅಂತ" ಎಂದು ನಕ್ಕು, ನಗು ಮುಗಿಯುವ ಮೊದಲೇ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅವನೇ ಒಮ್ಮೆ ಅವಳನ್ನು ತನ್ನೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊರಗಿನ ಗಾಳಿ ತಾಗಿದರೆ ಮಗು ಚುರುಕಾಗಬಹುದೆಂಬ ಆಸೆ. ಒಂದಿಷ್ಟು ದಿನ ಅಲ್ಲಿದ್ದು ನೋಡಿದರು. ಊರು ಬಿಟ್ಟರೂ ಊರಿನ ಗತಿ ಮೈ ಬಿಡಲಿಲ್ಲ. ಕೊಯ್ದು ತೆಗೆಯಿರಿ ಎಂದರೆ ಅಲ್ಲಿಯ ಡಾಕ್ಟರು, ಮಗು ಇನ್ನೂ ಬಲಿತಿಲ್ಲ, ಮುಟ್ಟುವ ಹಾಗಿಲ್ಲ ಎಂದರಂತೆ. ವಾಪಸು ಬಂದರು. ಶೇಷಗಿರಿ ಸುಮ್ಮನಿರಲಾರದೆ ಮದುವೆ ಬ್ಯಾಂಡಿನವರನ್ನು ಕರೆಸಿ ಅಂಗಳದಲ್ಲಿ ನಿಲ್ಲಿಸಿ, ಮಗಳ ಕೋಣೆಯ ಕಿಟಕಿಗೆ ಎದುರಾಗಿ ಜೋರಾಗಿ ಬಾರಿಸಿರೆಂದರು. ಬೀದಿಯ ಮಕ್ಕಳೆಲ್ಲ ಕುಣಿದರು. ತಾರಿಣಿ ಕಿವಿಗೆ ದಿಂಬು ಒತ್ತಿಕೊಂಡಳು. ಆರ್ಕೆಸ್ಟ್ರಾದ ಮಾತು ಮಾತ್ರ ನಡೆಯುವ ಊರು ಇದು, ಬ್ಯಾಂಡಿನದಲ್ಲ. ಅದು ಅವರಿಗೂ ಗೊತ್ತಿತ್ತು, ಪಾಪ.

ವಾರಕ್ಕೊಮ್ಮೆ ಬಂದು ನೋಡುವ ಸಿಸ್ಟರ್ ಫಿಲೋಮಿನಾ ಕಳೆದ ಸಲ ನನ್ನನ್ನು ಹಿತ್ತಲಿಗೆ ಕರೆದರು. "ಇಂದಕ್ಕ, ಮಗು ಚೆನ್ನಾಗಿದೆ. ಅದಕ್ಕೇನೂ ಅವಸರ ಇಲ್ಲ. ಹುಡುಗಿ ಚೆನ್ನಾಗಿಲ್ಲ. ಹೊರೋಕೂ ಒಂದು ಮಿತಿ ಇರುತ್ತೆ. ಇನ್ನೊಂದು ಮಳೆಗಾಲ ಇವಳ ಕೈಲಿ ಆಗಲ್ಲ, ನಾನು ಹೇಳ್ತೀನಿ ಕೇಳಿ" ಎಂದರು. ಒಳಗೆ ಬಂದಾಗ ತಾರಿಣಿ ಕೇಳಿದಳು, "ಏನಂದ್ರು?" ಊದಿದ ಕಾಲಿಗೆ ಬಿಸಿನೀರಿನ ಶಾಖ ಕೊಡಲು ಹೇಳಿದರೆಂದೆ. ಅವಳು ಗೋಡೆಯ ಕಡೆ ತಿರುಗಿಕೊಂಡು, "ಅಮ್ಮ, ಇದಕ್ಕೆ ನಾನು ಇಷ್ಟ ಇಲ್ಲವೇನೋ. ನನ್ನ ಮುಖ ನೋಡೋಕೆ ಮನಸ್ಸಿಲ್ಲವೇನೋ" ಎಂದಳು. ಮಗುವಿಗೆ ಇಡುವ ಹೆಸರಿನ ಮಾತು ಅವಳು ಬಿಟ್ಟು ಬಹಳ ದಿನವಾಗಿತ್ತು.

ಇಷ್ಟೆಲ್ಲ ಆಗುತ್ತಿದ್ದಾಗ ನಾನು ಎಲ್ಲಿದ್ದೆ ಎಂದರೆ, ಮಕರಂದನ ತಾಲೀಮಿನಲ್ಲಿದ್ದೆ. ಅವನು ನಿಧಾನಕ್ಕೆ ತೊಡಗಿದ ದಿನಗಳಲ್ಲಿ ಒಂದು ದಿನ ಕೋಲು ಕೆಳಗಿಳಿಸಿ, "ಹಿಂದಿನ ಸಾಲಲ್ಲಿ ಯಾರೋ ಉಸಿರಾಡ್ತಿದ್ದಾರೆ. ಯಾರದು?" ಎಂದ. ಬೈಸಿಕೊಳ್ಳಬೇಕಾಗುತ್ತದೆಂದು ಜುಬೇದಾ ನನ್ನನ್ನು ಮೊಣಕೈಯಿಂದ ತಿವಿದಳು. ಅವನು ಒಬ್ಬೊಬ್ಬರ ಕೈಯಲ್ಲೂ ಅದೇ ಸಾಲನ್ನು ನುಡಿಸಿ ಕೇಳಿದ. ನನ್ನ ಸರದಿ ಬಂದಾಗ ಕಣ್ಣು ಮುಚ್ಚಿಕೊಂಡು, "ಇನ್ನೊಂದ್ಸಲ, ಇನ್ನೂ ನಿಧಾನ" ಎಂದ. ನುಡಿಸಿದೆ. "ಇನ್ನೂ." ನುಡಿಸಿದೆ. ಎದುರಿನ ಪಿಟೀಲಿನವರೆಲ್ಲ ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ, ಅಲ್ಲಿ ಯಾರೋ ಕೂತಿದ್ದಾರೆಂದು ಅವತ್ತೇ ಗೊತ್ತಾದವರಂತೆ ನನ್ನನ್ನು ನೋಡಿದರು.

ಆ ನಿಧಾನದಲ್ಲಿ ಒಂದು ಸ್ವರದ ಒಳಗೆ ಎಷ್ಟು ಜಾಗವಿದೆಯೆಂದು ನನಗೆ ಮೊದಲು ತಿಳಿದಿರಲಿಲ್ಲ. ನಮ್ಮ ಮನೆಯಲ್ಲಿ ನನ್ನದೆಂಬ ಕೋಣೆ ಇಲ್ಲ. ನನ್ನ ಸೀರೆಗಳ ಬೀರುವಿನಲ್ಲಿ ಶೇಷಗಿರಿಯವರ ಆಫೀಸಿನ ಫೈಲುಗಳಿವೆ, ನನ್ನ ಮಂಚದ ಕೆಳಗೆ ಮೈದುನನ ಮಗನ ಸೈಕಲ್ಲಿನ ಭಾಗಗಳಿವೆ. ಆ ಸ್ವರದೊಳಗೆ ಹೋದರೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಗೋಡೆಗಳು ದೂರದೂರ ಇರುವ, ಸಾಮಾನಿಲ್ಲದ ಒಂದು ಕೋಣೆಯ ಹಾಗೆ ಇತ್ತು ಅದು. ಅಲ್ಲಿ ನಡೆದಾಡಿ, ಮೂಲೆಮೂಲೆ ನೋಡಿ, ಕಮಾನಿನ ತುದಿ ಬಂದಾಗ ಹೊರಗೆ ಬರುತ್ತಿದ್ದೆ. ಮನೆಗೆ ಹೋಗುವ ದಾರಿಯಲ್ಲಿ ಮುಖವನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದೆ. ಬೆವರಿರಲಿಲ್ಲ. ಸಂತೋಷ ಹಾಗೇ ಮುಖದ ಮೇಲಿದ್ದರೆ ಮಗಳ ಕೋಣೆಗೆ ಹೇಗೆ ಹೋಗುವುದು? ಆದರೂ ಅವಳಿಗೆ ಗೊತ್ತಾಗುತ್ತಿತ್ತು. "ಇವತ್ತೂ ನಿಧಾನಕ್ಕೇ ನುಡಿಸಿದ್ಯಾ ಅಮ್ಮ?" ಎಂದು ಒಮ್ಮೆ ಕೇಳಿದಳು. ಸಿಟ್ಟಿನಿಂದಲ್ಲ. ಊಟ ಆಯಿತಾ ಎಂದು ಕೇಳುವ ದನಿಯಲ್ಲೇ.

ಒಪೆರಾ, ಎಂದರೆ ಹಾಡಿನಲ್ಲೇ ನಡೆಯುವ ನಾಟಕ, ನಿಗದಿಯಾದದ್ದು ಆಮೇಲೆ. ಒಬ್ಬ ರಾಣಿ ನದಿಯ ದಡದಲ್ಲಿ ದೋಣಿಗಾಗಿ ಕಾಯುವ ಕತೆ. ಮೂರು ಅಂಕವೂ ಕಾಯುವುದೇ. ಕೊನೆಯಲ್ಲಿ ದೋಣಿ ಬರುತ್ತದೆ, ಆಗ ಅವಳಿಗೆ ಹತ್ತಲು ಮನಸ್ಸಾಗುವುದಿಲ್ಲ. ಆ ಕೊನೆಯ ಹಾಡಿಗೆ ಮುಂಚೆ ಉಳಿದ ವಾದ್ಯಗಳೆಲ್ಲ ನಿಂತು ವಯೊಲಾ ಒಂದೇ ನುಡಿಯಬೇಕು. ಮಕರಂದ ಕೋಲೆತ್ತಿ ಅಪ್ಪಣೆ ಕೊಡುತ್ತಾನೆ, ಅಷ್ಟೆ. ಅಲ್ಲಿಂದ ಮುಂದೆ ಗತಿ ನನ್ನ ಕಮಾನಿನದು. ಹಾಡುವವಳು ನನ್ನ ಗತಿಯನ್ನು ಹಿಡಿಯುತ್ತಾಳೆ, ಅವಳ ಹಿಂದೆ ಆರ್ಕೆಸ್ಟ್ರಾ, ಅದೇ ಗತಿಯಲ್ಲಿ ಪರದೆ ಬಿದ್ದು ಕಚೇರಿ ಮುಗಿಯುತ್ತದೆ. ಇದನ್ನು ಕೇಳಲು ರಾಜಧಾನಿಯ ಒಪೆರಾ ಮಂದಿರದವರು ಬರುವವರಿದ್ದರು. ಮೆಚ್ಚಿದರೆ ಮಕರಂದ ಅಲ್ಲಿಯ ನಿರ್ದೇಶಕ. ಅವನ ವಯಸ್ಸಿನಲ್ಲಿ ಆ ಪೀಠ ಯಾರಿಗೂ ಸಿಕ್ಕಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು.

ಸಿಸ್ಟರ್ ಹಾಗೆ ಹೇಳಿಹೋದ ಮೇಲೆ ಒಂದು ಬೆಳಿಗ್ಗೆ ನಾನು ಅವನ ಮನೆಗೆ ಹೋದೆ. ಬಾಗಿಲು ತೆಗೆದೇ ಇತ್ತು. ಪೆಟ್ಟಿಗೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತ, ಇನ್ನೊಂದು ಕೈಯಲ್ಲಿ ಗಾಳಿಗೆ ತಾಳ ಹಾಕುತ್ತಿದ್ದ.

"ಬನ್ನಿ ಅಕ್ಕ, ಬನ್ನಿ. ನಿಮ್ಮನ್ನೇ ನೆನೆಸ್ಕೋತಿದ್ದೆ. ಮೊದಲನೇ ಸ್ವರ ಇದೆಯಲ್ಲ, ಅದನ್ನ ಇನ್ನೂ ಎಳೀಬಹುದು ಅನ್ಸುತ್ತೆ. ಕಮಾನು ಸಾಲುತ್ತಾ?"

"ಕಮಾನು ಸಾಲುತ್ತೆ" ಎಂದೆ. "ಮಕರಂದ, ಕೊನೇ ಹಾಡನ್ನ ಸ್ವಲ್ಪ ಬೇಗ ನಡೆಸೋಕಾಗಲ್ವಾ? ತಾರಿಣಿ ವಿಷಯ ನಿನಗೆ ಗೊತ್ತೇ ಇದೆ."

ಅವನ ಮುಖ ಬಾಡಿತು. ಒಳ್ಳೆಯ ಹುಡುಗ. ಅವಳಿಗೆಂದು ಎಷ್ಟೋ ಸಲ ದಾಳಿಂಬೆ ಕಳಿಸಿದ್ದ. "ಗೊತ್ತು ಅಕ್ಕ. ನಾನೂ ಯೋಚನೆ ಮಾಡಿದೀನಿ. ಈ ಒಂದು ಕಚೇರಿ ಆಗಿಬಿಡ್ಲಿ. ಬೇಗ ತಗೊಂಡ್ರೆ ಅದು ಭುಜಂಗರಾಯರದಾಗುತ್ತೆ, ನಂದಾಗಲ್ಲ. ರಾಜಧಾನಿಯೋರು ಅದನ್ನ ಕೇಳೋಕೆ ಬರ್ತಾರಾ ಹೇಳಿ? ಮುಂದಿನ ಭಾನುವಾರ ಕುಣಿತದ್ದೇ ಯಾವುದಾದ್ರೂ ಬಾರಿಸ್ಬಿಡೋಣ, ಮಗು ಓಡ್ಕೊಂಡು ಬರುತ್ತೆ."

"ಮುಂದಿನ ಭಾನುವಾರ ನೀನಿರ್ತೀಯಾ?"

ಅವನು ತಾನು ಕೂತಿದ್ದ ಪೆಟ್ಟಿಗೆಯನ್ನು ನೋಡಿಕೊಂಡ. ಹಗ್ಗ ಕಟ್ಟಿತ್ತು. "ಅವರು ಒಪ್ಪಿದ್ರೆ ಸೋಮವಾರವೇ ಹೊರಡಬೇಕು" ಎಂದ. "ಆದ್ರೆ ಆರ್ಕೆಸ್ಟ್ರಾ ಸಮಿತಿ ಇದೆಯಲ್ಲ ಅಕ್ಕ. ಹೊಸಬರನ್ನ ಹುಡುಕ್ತಾರೆ."

ಆ ಸಮಿತಿ ನಮಗೆಲ್ಲ ಗೊತ್ತು. ಅದರ ಸಭೆಗಳಲ್ಲಿ ಮೊದಲು ಕಾಫಿ ಬರಬೇಕು, ಆಮೇಲೆ ಮಾತು. ಕಾಫಿಗೆ ಹಾಲು ಕಾಯಬೇಕು. ಹೊಸ ನಿರ್ದೇಶಕ ಬಂದು ಕೋಲೆತ್ತುವವರೆಗೆ ಊರು ಇವನು ಬಿಟ್ಟುಹೋದ ಗತಿಯಲ್ಲೇ ಇರಬೇಕು. ಮಕರಂದನಿಗೆ ಇದು ಹೊಳೆದಿರಲಿಲ್ಲವೋ, ಹೊಳೆದು ಆಚೆ ತಳ್ಳಿದ್ದನೋ. ಬಾಳೆಹಣ್ಣಿನ ಸಿಪ್ಪೆಯನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದ. ನಾನೇ ಅದನ್ನು ತೆಗೆದುಕೊಂಡು ಹೋಗಿ ಹೊರಗಿನ ಕಸದ ಬುಟ್ಟಿಗೆ ಹಾಕಿದೆ.

ಬಾಗಿಲ ತನಕ ಬಂದು ಅವನು, "ಅಕ್ಕ, ನಿಮ್ಮ ಆ ಸ್ವರ ಇಲ್ದಿದ್ರೆ ನನ್ನನ್ನ ಯಾರೂ ಕರೀತಿರ್ಲಿಲ್ಲ" ಎಂದ. ಅದು ಬೆಣ್ಣೆ ಹಚ್ಚುವ ಮಾತಾಗಿದ್ದರೆ ಸುಲಭವಾಗುತ್ತಿತ್ತು. ನಿಜವನ್ನೇ ಹೇಳುತ್ತಿದ್ದ.

ಒಪೆರಾದ ಭಾನುವಾರ ಸಂಜೆ ಸಭಾಂಗಣ ತುಂಬಿತ್ತು. ರಾಜಧಾನಿಯವರು ಮುಂದಿನ ಸಾಲಿನಲ್ಲಿ ಕುಳಿತು, ತಮ್ಮ ಊರಿನ ಗಡಿಯಾರದ ಪ್ರಕಾರ ಆಗಾಗ ಆಕಳಿಸಿ, ಆದರೂ ಮೆಚ್ಚುತ್ತಿದ್ದರು. ಎರಡನೆಯ ಅಂಕ ಮುಗಿದಾಗ ಅವರಲ್ಲೊಬ್ಬರು ಕಣ್ಣೊರೆಸಿಕೊಂಡದ್ದನ್ನು ನಮ್ಮ ಅಧ್ಯಕ್ಷರು ನಾಲ್ಕು ಜನಕ್ಕೆ ಕೈತೋರಿಸಿ ಹೇಳಿದರು. ವಿರಾಮದಲ್ಲಿ ಶೇಷಗಿರಿ ಪಕ್ಕದ ಬಾಗಿಲಿನಿಂದ ಬಂದರು. ಮಗಳ ಜೊತೆ ಇರುತ್ತೇನೆಂದು ಮನೆಯಲ್ಲೇ ಉಳಿದಿದ್ದವರು.

"ಏನಾಯ್ತು?"

"ಏನೂ ಇಲ್ಲ. ಅವಳೇ ಕಳಿಸಿದಳು. ಅಮ್ಮ ನುಡಿಸೋದನ್ನ ಹೋಗಿ ಕೇಳ್ಕೊಂಡು ಬಾ ಅಪ್ಪ, ನನಗೆ ಬಂದು ಹೇಳು ಅಂದಳು. ಫಿಲೋಮಿನಾ ಬಂದಿದ್ದಾರೆ, ಜೊತೆಗಿದ್ದಾರೆ." ಆಮೇಲೆ ದನಿ ತಗ್ಗಿಸಿ ಹೇಳಿದರು, "ಎದ್ದು ಕೂತುಕೊಳ್ಳೋಕೆ ನನ್ನ ಕೈ ಹಿಡ್ಕೊಂಡಳು ಕಣೇ. ಹಿಡಿತದಲ್ಲಿ ಜೀವವೇ ಇಲ್ಲ."

ಅವರು ಹಿಂದೆ ಹೋಗಿ ಕಂಬದ ಪಕ್ಕ ನಿಂತರು. ನಾನು ನನ್ನ ಜಾಗಕ್ಕೆ ಹೋದೆ. ಈಚೆಗೆ ಅದು ಹಿಂದಿನ ಸಾಲಲ್ಲ, ಮಕರಂದನ ಬಲಗೈಗೆ ಹತ್ತಿರ. ಜುಬೇದಾ ನನ್ನ ಜೊತೆಗೇ ಮುಂದೆ ಬಂದಿದ್ದಳು, ಹಾಳೆ ತಿರುಗಿಸುವ ನೆಪದಲ್ಲಿ. "ಕೈ ತಣ್ಣಗಿದೆಯಲ್ಲ ಇಂದಕ್ಕ. ಹೆದರಿಕೆನಾ?" ಎಂದು ನನ್ನ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿಟ್ಟು ಉಜ್ಜಿದಳು. "ಇಷ್ಟಕ್ಕೆಲ್ಲ ಹೆದರಬೇಡಿ. ಇದು ನಿಮ್ಮ ದಿನ." ಹೌದೆಂದು ತಲೆಯಾಡಿಸಿದೆ.

ಮೂರನೆಯ ಅಂಕ ಶುರುವಾಯಿತು. ರಾಣಿ ಕಾದಳು. ದೂರದಲ್ಲಿ ದೋಣಿಯ ದೀಪ ಕಂಡಿತು. ಒಂದೊಂದೇ ವಾದ್ಯ ನಿಂತಿತು. ಕೊನೆಗೆ ಡೊಳ್ಳಿನಂಥ ದೊಡ್ಡ ವಾದ್ಯದ ಗುಡುಗೂ ಅಡಗಿ, ಸಭಾಂಗಣದಲ್ಲಿ ಜನರ ಉಸಿರು ಮಾತ್ರ ಉಳಿಯಿತು. ಮಕರಂದ ನನ್ನ ಕಡೆ ತಿರುಗಿದ. ಅಂಗಿಯ ಗುಂಡಿಗಳು ಅವತ್ತು ಸರಿಯಾಗಿದ್ದವು. ಇಷ್ಟು ನಂಬಿಕೆಯಿಂದ ನನ್ನನ್ನು ಇನ್ನೊಬ್ಬರು ನೋಡಿದ್ದು ನೆನಪಿಲ್ಲ, ನೋಡಿದ್ದರೆ ನಾನು ಹೆತ್ತವಳೊಬ್ಬಳೇ, ಅದೂ ಅವಳು ತೀರ ಚಿಕ್ಕವಳಿದ್ದಾಗ. ಅವನ ಕೋಲು ಮೇಲೆದ್ದಿತು.

ಜುಬೇದಾಳ ಕಡೆ ನೋಡಲಿಲ್ಲ. ಕಂಬದ ಕಡೆ ನೋಡಲಿಲ್ಲ. ಮೊದಲ ಸ್ವರವನ್ನು ಅವನು ಕೇಳಿದಷ್ಟೂ ಎಳೆಯಬೇಕು, ಅದಕ್ಕಿಂತ ತುಸು ಹೆಚ್ಚೇ ಎಳೆಯಬೇಕು ಎಂದುಕೊಂಡೆ. ಅದು ಅವನಿಗೆ, ಮತ್ತು ನನಗೆ. ಕಮಾನಿನ ತುದಿ ಬರುವವರೆಗೆ ಆ ಕೋಣೆಯೊಳಗೆಲ್ಲ ಓಡಾಡಿ ಬರುತ್ತೇನೆ. ಎರಡನೆಯ ಸ್ವರದಿಂದ ಬೇಗ ಬೇಗ ಹೆಜ್ಜೆ ಹಾಕುತ್ತೇನೆ, ಮನೆಯಲ್ಲಿ ನೋವು ಕಾಣಿಸಿಕೊಂಡಿದೆಯೆಂದು ಸುದ್ದಿ ಬಂದ ತಾಯಿ ಬೀದಿಯಲ್ಲಿ ಹೇಗೆ ಹೋಗುತ್ತಾಳೋ ಹಾಗೆ. ಅವನ ಕೋಲು ಏನು ಹೇಳಿದರೂ ನೋಡುವುದಿಲ್ಲ.

ಕಮಾನನ್ನು ತಂತಿಯ ಮೇಲಿಟ್ಟೆ.